ಊರಿನ ಹಂಬಲ, ಊರಿನ ಹೊಣೆ

ತವರಿನ ಹಂಬಲವೆಂಬುದು ನಮ್ಮ ಹೆಣ್ಣುಮಕ್ಕಳಿಗೆ ಹೊಸತಲ್ಲ. ಮದುವೆಯಾಗಿ ಹೊರಟ ಮಗಳು ಗಂಡನ ಮನೆಯ ಹೊಸ್ತಿಲು ದಾಟಿದ ದಿನದಿಂದಲೇ ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಬದುಕುತ್ತ ಬಂದಿದ್ದಾಳೆ. ನಾಗರಪಂಚಮಿಗೆ ಅಣ್ಣ ಬಂದು ಕರೆದೊಯ್ಯುವನೇ ಎಂದು ದಾರಿ ಕಾಯ್ದ ತಂಗಿಯರ ಹಾಡುಗಳು ನಮ್ಮ ಜನಪದ ಸಾಹಿತ್ಯದಲ್ಲಿ ಎಷ್ಟೋ ಇವೆ. ಬೀಸುವ ಕಲ್ಲಿನ ಮುಂದೆ ಕುಳಿತು ತವರನ್ನು ಹರಸಿದ ಆ ತಾಯಂದಿರು ನೋವನ್ನು ನುಂಗಿಕೊಳ್ಳುತ್ತಲೇ ರಾಗಿ ಬೀಸಿದರು, ಮಕ್ಕಳನ್ನು ಸಾಕಿದರು, ಸೇರಿದ ಮನೆಯನ್ನು ಬೆಳಗಿದರು. ಇಂದು ಅದೇ ನೋವು ಗಂಡುಮಕ್ಕಳ ಪಾಲಿಗೂ ಬಂದಿದೆ. ವಿದ್ಯೆಗೆಂದೋ ಉದ್ಯೋಗಕ್ಕೆಂದೋ ಕಡಲು ದಾಟಿದ ನಮ್ಮ ಮಕ್ಕಳು ಕೈತುಂಬ ಸಂಬಳ, ಅನುಕೂಲದ ಮನೆ ಎಲ್ಲವೂ ಇದ್ದರೂ ಹಬ್ಬದ ದಿನ ಬಂದಿತೆಂದರೆ ಮೌನವಾಗುತ್ತಾರೆ. ಈ ಮೌನವನ್ನು ಕುರಿತು ಈ ತಿಂಗಳು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ.

ಪಶ್ಚಿಮದವರು ಒಂದು ಕಾಲದಲ್ಲಿ ಇದನ್ನು ರೋಗವೆಂದೇ ತಿಳಿದಿದ್ದರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ 1688ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದಕ್ಕೆ 'ನಾಸ್ಟಾಲ್ಜಿಯ' ಎಂದು ಹೆಸರಿಟ್ಟನು. ಮನೆಗೆ ಮರಳುವುದು, ನೋವು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಮಾಡಿದ ಹೆಸರದು. ಪರದೇಶದಲ್ಲಿದ್ದ ಸ್ವಿಸ್ ಜನರು ಊರಿನ ನೆನಪಿನಿಂದ ಊಟ ನಿದ್ರೆ ಬಿಟ್ಟು ಕೃಶರಾಗುತ್ತಿದ್ದರೆಂದೂ, ಅವರನ್ನು ಊರಿಗೆ ಕಳುಹಿಸುವುದೇ ಇದಕ್ಕೆ ಸರಿಯಾದ ಮದ್ದೆಂದೂ ಅವನು ಹೇಳಿದನು. ಮದ್ದು ಸುಲಭವಾಗಿಯೇ ತೋರುತ್ತದೆ. ಆದರೆ ಹಿಂದಿರುಗಿದವನ ಕಣ್ಣಿಗೆ ಅವನು ಬಿಟ್ಟುಹೋದ ಊರು ಸಿಗದೇಹೋದರೆ ಮಾಡುವುದೇನು?

ನಮ್ಮ ಚಿಕ್ಕಲಸಂದ್ರವನ್ನೇ ನೋಡೋಣ. ಕಾಗದಪತ್ರಗಳಲ್ಲಿ ಚಿಕ್ಕಕಲ್ಲಸಂದ್ರವೆಂದೂ ಬರೆಯಲಾಗುವ ಇದು ಬೆಂಗಳೂರು ದಕ್ಷಿಣ ತಾಲ್ಲೂಕಿನ ಉತ್ತರಹಳ್ಳಿ ಹೋಬಳಿಯ ಒಂದು ಹಳ್ಳಿ. ಸಂದ್ರವೆಂದರೆ ಸಮುದ್ರ, ನಮ್ಮ ಹಿಂದಿನವರು ಕೆರೆಯನ್ನು ಸಮುದ್ರವೆಂದು ಕರೆದು ಊರಿಗೂ ಅದೇ ಹೆಸರನ್ನಿಟ್ಟರು. ಹೊಲ ತೋಪುಗಳ ನಡುವಿದ್ದ ಈ ಹಳ್ಳಿಯ ಸುತ್ತ ಬಡಾವಣೆಗಳೆದ್ದವು. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾಸನದ ಕಡೆಗಳಿಂದ ನೌಕರಿಗೆಂದು ಬೆಂಗಳೂರಿಗೆ ಬಂದ ಕುಟುಂಬಗಳು ಉಳಿತಾಯವನ್ನೆಲ್ಲ ಒಟ್ಟುಗೂಡಿಸಿ, ಸಾಲ ಮಾಡಿ, ಇಲ್ಲೊಂದು ನಿವೇಶನ ಕೊಂಡು ಮನೆ ಕಟ್ಟಿದವು. ಇಂದು ಇಲ್ಲಿ ಮಹಡಿಯ ಮೇಲೆ ಮಹಡಿ ಎದ್ದಿದೆ. 2017ರ ಜೂನ್ ತಿಂಗಳಲ್ಲಿ ಮೆಟ್ರೊ ರೈಲು ಬನಶಂಕರಿಯನ್ನು ಹಾದು ಯಲಚೇನಹಳ್ಳಿಯವರೆಗೆ ಬಂದಿತು. 2021ರ ಜನವರಿಯಲ್ಲಿ ದೊಡ್ಡಕಲ್ಲಸಂದ್ರವನ್ನೂ ದಾಟಿ ಮುಂದುವರಿಯಿತು. ಹತ್ತು ವರ್ಷದ ಮೇಲೆ ಬಂದ ಮಗನು ತನ್ನ ಬೀದಿಯ ತಿರುವನ್ನೇ ಗುರುತಿಸಲಾರದೆ ನಿಂತರೆ ಆಶ್ಚರ್ಯವಿಲ್ಲ.

ಇದರಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ಅಮೆರಿಕದಲ್ಲಿ ಕುಳಿತ ಮಗನು ತನ್ನ ಹುಟ್ಟೂರೆಂದು ಹಂಬಲಿಸುವ ಚಿಕ್ಕಲಸಂದ್ರವು ಅವನ ತಂದೆತಾಯಿಗಳಿಗೆ ಒಂದು ಕಾಲದಲ್ಲಿ ಪರಸ್ಥಳವಾಗಿತ್ತು. ತಿಪಟೂರಿನ ತೆಂಗಿನ ತೋಟವನ್ನೋ ಹೊಸದುರ್ಗದ ಹೊಲವನ್ನೋ ನೆನೆದು ಅವರೂ ಇಲ್ಲಿ ಕಣ್ಣೊರೆಸಿಕೊಂಡಿದ್ದಾರೆ. ಬಾಡಿಗೆ ಮನೆಯಲ್ಲಿ ಉಗಾದಿ ಮಾಡುತ್ತ, ನೆರೆಯವರಿಗೆ ಬೇವುಬೆಲ್ಲ ಹಂಚುತ್ತ, ಊರಿನಿಂದ ಬಂದ ಹುಡುಗನೊಬ್ಬನಿಗೆ ಓದುವವರೆಗೆ ಅನ್ನವಿಕ್ಕುತ್ತ ಕ್ರಮೇಣ ಪರಸ್ಥಳವನ್ನು ಊರಾಗಿಸಿದರು. ಮಗನಿಗೆ ದೊರೆತ ಊರು ಹೀಗೆ ತಂದೆತಾಯಿಗಳು ಕೈಯಾರೆ ಮಾಡಿಕೊಟ್ಟದ್ದು. ಊರೆಂಬುದನ್ನು ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಹಂಬಲವು ತನ್ನಷ್ಟಕ್ಕೆ ದೋಷವಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ ನೆನಪಾಗುವುದು, ಮಾಗಿಯ ಚಳಿಯಲ್ಲಿ ಹಿತಕಿದ ಅವರೆಬೇಳೆಯ ಸಾರು ನೆನಪಾಗುವುದು, ಪೂಜೆಗೆ ಕುಳಿತಾಗ ಅಜ್ಜಿಯ ವಿಭೂತಿಯ ಕೈ ನೆನಪಾಗುವುದು ಕೃತಜ್ಞತೆಯ ಇನ್ನೊಂದು ರೂಪ. ಆದರೆ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ: ದೂರದಲ್ಲಿರುವವನ ಹಂಬಲದ ಭಾರವನ್ನು ಇಲ್ಲಿ ಹೊರುವವರು ಯಾರು?

ನಮ್ಮ ಬಡಾವಣೆಯ ಒಂದು ಮನೆಯ ಮಾತು. ಯಜಮಾನರು ಲಿಂಗೈಕ್ಯರಾದ ಮೇಲೆ ತಾಯಿಯೊಬ್ಬರೇ ಇದ್ದಾರೆ. ಮಗ ಕ್ಯಾಲಿಫೋರ್ನಿಯದಲ್ಲಿ. ಹಿತ್ತಲಿನಲ್ಲಿ ಹಳೆಯ ಬಚ್ಚಲುಮನೆ. ಹೋಗಲು ನಾಲ್ಕು ಮೆಟ್ಟಿಲು ಇಳಿಯಬೇಕು. ತಾಯಿಗೆ ಮಂಡಿನೋವು. ಒಳಗೇ ಒಂದು ಬಚ್ಚಲು ಕಟ್ಟಿಸಿ, ಮೆಟ್ಟಿಲುಗಳನ್ನು ತೆಗೆಸಿ, ಮೇಲೊಂದು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟರೆ ಜೊತೆಗೊಂದು ಸಂಸಾರವೂ ಇದ್ದಂತಾಗುತ್ತದೆಂದು ಅವರ ಆಸೆ. ಮಗನದು ಒಂದೇ ಮಾತು: "ಅಪ್ಪ ಕಟ್ಟಿಸಿದ ಮನೆ ಅಮ್ಮ, ಹಾಗೆಯೇ ಇರಲಿ. ಆ ಹಂಡೆ, ಆ ಒಗೆಯುವ ಕಲ್ಲು, ಸಂಪಿಗೆ ಮರ ಇಲ್ಲದಿದ್ದರೆ ನಾನು ಬಂದು ನೋಡುವುದೇನು?" ಮಗನ ಮನಸ್ಸು ನೋಯದಿರಲೆಂದು ತಾಯಿ ಎರಡು ವರ್ಷ ಗೋಡೆ ಹಿಡಿದುಕೊಂಡೇ ಇಳಿದರು, ಹತ್ತಿದರು. ಒಮ್ಮೆ ಜಾರಿ ಕೈ ಊದಿಕೊಂಡಿತು, ಅದನ್ನೂ ಹೇಳಲಿಲ್ಲ. ಕೊನೆಗೊಂದು ದಿನ ಫೋನಿನಲ್ಲಿ ಮೆಲ್ಲಗೆ ಹೇಳಿದರಂತೆ: "ಮಗಾ, ನೆನಪು ನಿನ್ನದು ಕಣಪ್ಪ, ಕಾಲು ನನ್ನದು."

ಆ ಮಾತು ಮಗನಿಗೆ ತಾಗಿತು. ಅವನು ರಜೆ ಹಾಕಿ ಬಂದು ಮೂರು ವಾರ ನಿಂತು ಕೆಲಸ ಮಾಡಿಸಿದ. ಮೆಟ್ಟಿಲು ಹೋಯಿತು, ಗೋಡೆಗೆ ಹಿಡಿಕೆ ಬಂದಿತು. ಸಂಪಿಗೆ ಮರ ಉಳಿಯಿತು. ಪ್ರೀತಿಯುಳ್ಳ ಮಗನೇ ಅವನು. ಆದರೆ ಅವನ ಪ್ರೀತಿ ಎರಡು ವರ್ಷ ತಾಯಿಯನ್ನು ಬಿಟ್ಟು ಮನೆಯ ಕಡೆಗೆ ಹರಿದಿತ್ತು. ಇಂತಹ ಮನೆಗಳು ನಮ್ಮಲ್ಲಿ ಹಲವಿವೆ. ದೂರದಲ್ಲಿರುವವರು ಊರನ್ನು ಚಿತ್ರಪಟದಂತೆ ಕಟ್ಟು ಹಾಕಿಸಿ ಇಟ್ಟುಕೊಂಡಿರುತ್ತಾರೆ. ಆ ಚಿತ್ರ ಕೆಡಬಾರದೆಂದು ಇಲ್ಲಿರುವ ವೃದ್ಧ ಜೀವಗಳು ತಮ್ಮ ಅಗತ್ಯಗಳನ್ನು ಬದಿಗಿಡುತ್ತವೆ.

ಶರಣರು ಸ್ಥಾವರ, ಜಂಗಮ ಎಂಬೆರಡನ್ನು ಬೇರ್ಪಡಿಸಿ ತೋರಿಸಿಕೊಟ್ಟದ್ದು ಇಂತಹ ಹೊತ್ತಿನಲ್ಲಿ ನಮಗೆ ದಾರಿದೀಪವಾಗಬೇಕು. ನಿಂತದ್ದಕ್ಕಿಂತ ಚೇತನವುಳ್ಳದ್ದು ಮೇಲೆಂದು ಅವರು ಕಂಡರು. ಅವರಲ್ಲಿ ಅನೇಕರು ಊರು ಬಿಟ್ಟು ಬಂದವರೇ. ಬಸವಣ್ಣನವರು ಬಾಗೇವಾಡಿಯನ್ನು ಬಿಟ್ಟು ಕೂಡಲಸಂಗಮಕ್ಕೆ, ಅಲ್ಲಿಂದ ಮಂಗಳವೇಡೆಗೆ, ಕಲ್ಯಾಣಕ್ಕೆ ನಡೆದರು. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಹೋದರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದಲೂ, ಆದಯ್ಯನವರು ಸೌರಾಷ್ಟ್ರದಿಂದಲೂ, ಮರುಳಶಂಕರದೇವರು ಅಫ್ಘಾನಿಸ್ತಾನದ ಕಡೆಯಿಂದಲೂ ಬಂದವರೆಂದು ಪರಂಪರೆ ಹೇಳುತ್ತದೆ. ಅರಸುತನವನ್ನು ತೊರೆದ ಮಾರಯ್ಯನವರು ಕಟ್ಟಿಗೆಯ ಹೊರೆ ಹೊತ್ತು ಮಾರುವ ಕಾಯಕ ಹಿಡಿದರು. ಬಂದ ನಾಡಿನ ನುಡಿಯಾದ ಕನ್ನಡದಲ್ಲಿಯೇ ವಚನಗಳನ್ನು ರಚಿಸಿದರು. ಹಿಮದ ನಾಡು ಅವರ ನೆನಪಿಗೆ ಬಾರದಿದ್ದೀತೆ? ಬಂದಿರಲೇಬೇಕು. ಆದರೂ ಕಾಯಕ ದಾಸೋಹಗಳಿದ್ದಲ್ಲಿಯೇ ಅವರ ಊರಾಯಿತು. ಕಲ್ಯಾಣ ಕದಡಿ ಶರಣರು ದಿಕ್ಕು ದಿಕ್ಕಿಗೆ ಚದುರಿದಾಗಲೂ ಉಳಿದು ಬಂದದ್ದು ಅವರು ಕೈಯಲ್ಲಿ ಹೊತ್ತೊಯ್ದ ವಚನದ ಕಟ್ಟುಗಳು, ಅರಮನೆಯ ಗೋಡೆಗಳಲ್ಲ.

ಇಷ್ಟಲಿಂಗವೆಂಬುದೂ ಪಯಣಿಗನಿಗೆ ಒದಗಿದ ದೊಡ್ಡ ಭಾಗ್ಯ. ಗುಡಿಯನ್ನು ಅರಸಿ ಹೋಗಬೇಕಿಲ್ಲ. ಎದೆಯ ಮೇಲಿನ ದೈವವು ಅಂಗೈಗೆ ಬಂದರೆ ಅದೇ ಕ್ಷೇತ್ರ. ಚಿಕ್ಕಲಸಂದ್ರದಲ್ಲಿ ತಾಯಿಯು ಬೆಳಗಿನ 6 ಗಂಟೆಗೆ ಪೂಜೆಗೆ ಕುಳಿತಾಗ ಕ್ಯಾಲಿಫೋರ್ನಿಯದಲ್ಲಿ ಚಳಿಗಾಲವಾದರೆ ಹಿಂದಿನ ದಿನದ ಸಂಜೆ 4.30, ಲಂಡನ್ನಿನಲ್ಲಿ ನಡುರಾತ್ರಿ 12.30. ಗಡಿಯಾರಗಳು ಒಂದಾಗುವುದಿಲ್ಲ, ಆದರೆ ಅಲ್ಲಿಯ ಮಗನು ತನ್ನ ಬೆಳಗಿನಲ್ಲಿ ಅದೇ ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ನಿಲ್ಲಿಸಿದರೆ ತಾಯಿಯ ಸಾಲಿನಲ್ಲಿಯೇ ಕುಳಿತಂತೆ. ಬಿಲ್ವಪತ್ರೆ ಸಿಗದಿದ್ದರೆ ಅಲ್ಲಿಯ ಹೂವೊಂದು ಸಾಕು.

ಹೊರನಾಡಿನ ನಮ್ಮವರು ಸುಮ್ಮನೆ ಕುಳಿತಿಲ್ಲವೆಂಬುದು ಸಂತೋಷದ ವಿಷಯ. ಉತ್ತರ ಅಮೆರಿಕದಲ್ಲಿ ವೀರಶೈವ ಸಮಾಜವು 1970ರ ದಶಕದಿಂದಲೂ ಕುಟುಂಬಗಳನ್ನು ಕಲೆಹಾಕುತ್ತ ಬಂದಿದೆ. ಅಕ್ಕ ಸಂಸ್ಥೆಯ ಮೊದಲ ವಿಶ್ವ ಕನ್ನಡ ಸಮ್ಮೇಳನವು 2000ದಲ್ಲಿ ಹ್ಯೂಸ್ಟನ್ ನಗರದಲ್ಲಿ ನಡೆಯಿತು. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಭಾರತದ ಪ್ರಧಾನಿಯವರು ಬಸವೇಶ್ವರರ ಪ್ರತಿಮೆಯನ್ನು ಅನಾವರಣಗೊಳಿಸಿದರು. ಬಸವ ಜಯಂತಿಯು ವಾರದ ನಡುವೆ ಬಂದರೆ ಮುಂದಿನ ಶನಿವಾರ ಸಭಾಂಗಣವೊಂದನ್ನು ಬಾಡಿಗೆಗೆ ಹಿಡಿದು, ಮನೆಮನೆಯಿಂದ ಅಡುಗೆ ತಂದು, ಮಕ್ಕಳಿಂದ ವಚನ ಹೇಳಿಸಿ ಆಚರಿಸುವವರ ಶ್ರದ್ಧೆ ದೊಡ್ಡದು. ಆದರೆ ಸಭೆ ಮುಗಿದ ಮೇಲೆ, ಆ ವಾರವಷ್ಟೇ ಊರಿನಿಂದ ಬಂದಿಳಿದ ವಿದ್ಯಾರ್ಥಿ ಒಂಟಿಯಾಗಿ ಕೋಣೆಗೆ ಹಿಂದಿರುಗಿದರೆ ಆಚರಣೆ ಅರ್ಧವಾಗುತ್ತದೆ. ಅವನನ್ನು ಮನೆಗೆ ಕರೆದು ಬಿಸಿ ಅನ್ನ, ಸಾರು ಬಡಿಸುವುದೇ ದಾಸೋಹ. ಬಡಿಸಿದವರ ಹಂಬಲಕ್ಕೂ ಅದೇ ಮದ್ದು.

ದೂರದಲ್ಲಿರುವ ನಮ್ಮ ಮಕ್ಕಳಲ್ಲಿ ಇನ್ನೆರಡು ವಿನಂತಿ. ಫೋನು ಮಾಡಿದಾಗ "ಊರು ಹೇಗಿದೆ?" ಎಂದು ಕೇಳುವ ಬದಲು "ನಿಮ್ಮ ದಿನ ಹೇಗೆ ಕಳೆಯಿತು, ಮಾತ್ರೆ ತಂದುಕೊಟ್ಟವರಾರು, ರಾತ್ರಿ ಜೊತೆಗೆ ಯಾರಿದ್ದಾರೆ?" ಎಂದು ಕೇಳಿರಿ. ಹಿಂದೆ ಫೋನು ಬೂತಿನಲ್ಲಿ ಓಡುವ ಮೀಟರನ್ನು ನೋಡುತ್ತ ಮಾತು ಮೊಟಕುಗೊಳಿಸಬೇಕಾಗಿತ್ತು. ಈಗ ಮುಖವನ್ನೇ ನೋಡುತ್ತ ಮಾತನಾಡುವ ಅನುಕೂಲವಿದೆ. ಎರಡನೆಯದು, ನಿಮ್ಮ ಮಕ್ಕಳಿಂದ ನಿಮ್ಮ ಹಂಬಲವನ್ನೇ ನಿರೀಕ್ಷಿಸಬೇಡಿರಿ. ಅವರ ಹುಟ್ಟೂರು ಬೇರೆ. ರಜೆಗೆ ಬಂದಾಗ ಸೊಳ್ಳೆ, ಧೂಳು ಎಂದು ಗೊಣಗಿದರೆ ನೊಂದುಕೊಳ್ಳದೆ, ಅಜ್ಜಿಯ ಪಕ್ಕದಲ್ಲಿ ಕೂರಿಸಿ ಕಡುಬು ಕಟ್ಟುವುದನ್ನೋ ಬತ್ತಿ ಹೊಸೆಯುವುದನ್ನೋ ಕಲಿಸಿರಿ. ಅಜ್ಜಿಯೊಡನೆ ಆಡಲು ಬರುವಷ್ಟು ಕನ್ನಡ ಕೊಡಿರಿ. ಉಳಿದದ್ದನ್ನು ಆ ಭಾಷೆಯೇ ಮಾಡಿಕೊಳ್ಳುತ್ತದೆ.

ಇಲ್ಲಿರುವ ಹಿರಿಯರಲ್ಲಿಯೂ ಒಂದು ಮಾತು. ಮಗನು ಚಿಂತಿಸಬಾರದೆಂದು ಕಾಯಿಲೆಯನ್ನು ಮರೆಮಾಚುವುದು ವಾತ್ಸಲ್ಯವೇ ಹೌದು. ಆದರೆ ಅದರಿಂದ ಅವನಿಗೆ ತಲುಪುವುದು ಇಲ್ಲದ ಒಂದು ಊರಿನ ಸುದ್ದಿ. "ಎಲ್ಲ ಚೆನ್ನಾಗಿದೆ" ಎಂಬ ಮಾತನ್ನು ನಂಬಿಕೊಂಡವನು ಒಂದು ದಿನ ಅವಸರದ ಕರೆಗೆ ಬೆಚ್ಚಿ ಎದ್ದು, ವಿಮಾನದಲ್ಲಿ ಒಂದು ಹಗಲು ಒಂದು ರಾತ್ರಿ ಪಶ್ಚಾತ್ತಾಪದಲ್ಲಿ ಬೇಯುವಂತಾಗಬಾರದು. ಇದ್ದುದನ್ನು ಇದ್ದಂತೆ ಹೇಳಿರಿ. ಮಂಡಿ ನೋಯುತ್ತಿದ್ದರೆ ನೋಯುತ್ತಿದೆಯೆನ್ನಿರಿ. ಹಾಗೆಯೇ ನೆರೆಹೊರೆಯ ನಾವುಗಳೂ ಮಕ್ಕಳು ಹೊರಗಿರುವ ಮನೆಗಳ ಬಾಗಿಲನ್ನು ವಾರಕ್ಕೊಮ್ಮೆಯಾದರೂ ತಟ್ಟೋಣ. ಒಬ್ಬರ ಔಷಧಿ ತಂದುಕೊಡುವುದು, ಒಬ್ಬರನ್ನು ಬ್ಯಾಂಕಿಗೆ ಕರೆದೊಯ್ಯುವುದು, ಸೋಮವಾರದ ಭಜನೆಗೆ ಜೊತೆಗೂಡಿಸಿಕೊಳ್ಳುವುದು ಸಣ್ಣ ಸೇವೆಯಲ್ಲ.

ಹಳೆಯ ಕೆರೆ ತೋಪುಗಳು ಮರಳಿ ಬರಲಾರವು. ಊರನ್ನು ಊರಾಗಿಸಿದ ಜೀವಗಳು ಮಾತ್ರ ಇನ್ನೂ ನಮ್ಮ ನಡುವೆ ಇವೆ, ದಿನಕ್ಕಿಷ್ಟು ಹಣ್ಣಾಗುತ್ತಿವೆ. ದೂರದ ಮಗನ ಹಂಬಲ ಅವರ ಕಡೆಗೆ ತಿರುಗಲಿ, ಹತ್ತಿರವಿರುವ ನಮ್ಮ ಗಮನವೂ ಅವರ ಕಡೆಗೆ ತಿರುಗಲಿ. ಬರುವ ಹಬ್ಬದೊಳಗೆ ಒಂದು ಮನೆಯ ಮೆಟ್ಟಿಲಿಗಾದರೂ ಹಿಡಿಕೆ ಬಂದರೆ ಈ ಬರಹ ಸಾರ್ಥಕವೆಂದುಕೊಳ್ಳುತ್ತೇವೆ.