ಕೆರೆಯಿಲ್ಲದ ಕೆರೆಯ ಗಣಪ

ಊರಿನಿಂದ ನೆಂಟರು ಬಂದರೆ ಯೆರವಡಾದ ನಾವು ಅವರಿಗೆ ಮೊದಲು ಆಗಾಖಾನ್ ಅರಮನೆಯನ್ನೂ ಆಮೇಲೆ ಸಾರಸಬಾಗನ್ನೂ ತೋರಿಸುತ್ತೇವೆ. ಹುಲ್ಲುಹಾಸು, ಕಮಲದ ಕೊಳ, ನಡುವೆ ಗಣಪತಿಯ ಗುಡಿ. ಪುಣೆಯವರು ತಮ್ಮ ಚರಿತ್ರೆಯನ್ನು ಎಷ್ಟು ಅಂದವಾಗಿ ಕಾಪಾಡಿಕೊಂಡಿದ್ದಾರೆ ಎಂದು ಅವರು ಮೆಚ್ಚುತ್ತಾರೆ; ನಾವೂ ತಲೆದೂಗುತ್ತೇವೆ. ಈ ಮೆಚ್ಚುಗೆಯ ಬಗೆಗೇ ನನ್ನ ತಕರಾರು.

ಆ ಗಣಪತಿಯನ್ನು ಮರಾಠಿಗರು ಇಂದಿಗೂ 'ತಳ್ಯಾತಲಾ ಗಣಪತಿ' ಎನ್ನುತ್ತಾರೆ. ಎಂದರೆ ಕೆರೆಯೊಳಗಿನ ಗಣಪ. ಹದಿನೆಂಟನೆಯ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆ ಪರ್ವತಿ ಗುಡ್ಡದ ಬುಡದಲ್ಲಿ ಕೆರೆ ಕಟ್ಟಿಸಿದ. ಅದರ ನಡುಗಡ್ಡೆಯಲ್ಲಿ 1784ರಲ್ಲಿ ಸವಾಯಿ ಮಾಧವರಾಯ ಈ ದೇವರನ್ನು ನಿಲ್ಲಿಸಿದ. ಇಂದು ನಾವು ಚುರುಮುರಿ ತಿನ್ನುತ್ತ ಕೂರುವ ಹುಲ್ಲುಹಾಸು ಆ ಕೆರೆಯ ಒಡಲು. ನೀರು ಹೋಯಿತು, ಹೆಸರು ಉಳಿಯಿತು. ಸಮಾಧಿಯ ಮೇಲೆ ಹೂಗಿಡ ನೆಟ್ಟು ಅದನ್ನೇ ಸಂರಕ್ಷಣೆ ಎನ್ನುವುದೆ?

ಮರಾಠಿಗರನ್ನು ಹಳಿಯಲು ನಮಗೆ ಬಾಯಿಲ್ಲ. ಧರ್ಮಾಂಬುಧಿ ಕೆರೆ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಿ, ಕರಗದ ಪೂಜೆಗೆಂದು ಒಂದು ಹೊಂಡದಷ್ಟು ಉಳಿದಿದೆ. ಎರಡೂ ಊರುಗಳು ಪೂಜೆಗೆ ಬೇಕಾದಷ್ಟು ನೀರನ್ನು ಮಾತ್ರ ಉಳಿಸಿಕೊಂಡಿವೆ.

ನಗರಕ್ಕೆ ಉದ್ಯಾನವೂ ಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ಆದರೆ ತೋಟ ಶೋಭಿಸುವುದು ಕೆರೆಯ ದಂಡೆಯಲ್ಲಿ, ಅದರ ಹೊಟ್ಟೆಯೊಳಗಲ್ಲ. ಏರಿ, ತೂಬು, ಕೋಡಿ, ಕಾಲುವೆ ಎಂದು ನಮ್ಮ ಹಿರಿಯರು ಕೆರೆಯ ಒಂದೊಂದು ಅಂಗಕ್ಕೂ ಹೆಸರಿಟ್ಟದ್ದು, ಒಂದೊಂದಕ್ಕೂ ಒಂದು ಕೆಲಸವಿದ್ದುದರಿಂದ. ಮಳೆನೀರಿಗೆಂದು ಊರು ಬಿಟ್ಟುಕೊಟ್ಟ ಜಾಗವೇ ಕೆರೆ. ಅದನ್ನು ಕಿತ್ತುಕೊಂಡರೆ ನೀರು ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. 2019ರ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜ್ ಕಡೆಯಿಂದ ಪರ್ವತಿಯತ್ತ ಹರಿದು ಬರುವ ಆಂಬಿಲ್ ಹಳ್ಳ ಉಕ್ಕಿ ಮನೆಗಳಿಗೆ ನುಗ್ಗಿತು. ಆ ಮಳೆಗೆ ಪುಣೆ ಪರಿಸರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಬಲಿಯಾದರು. ಪೇಶ್ವೆಯ ಕೆರೆಯೊಂದೇ ಇದ್ದಿದ್ದರೆ ಅಷ್ಟೂ ನೀರು ನಿಲ್ಲುತ್ತಿತ್ತೆಂದು ನಾನು ವಾದಿಸಲಾರೆ. ಆದರೆ ನೀರಿನ ಜಾಗವನ್ನೆಲ್ಲ ಅಂಗುಲ ಅಂಗುಲವಾಗಿ ಒತ್ತಿಕೊಂಡ ನಗರವು ಅಂಥ ರಾತ್ರಿಯನ್ನು ಮೇಘಸ್ಫೋಟವೆಂದು ಕರೆದು ಕೈತೊಳೆದುಕೊಳ್ಳುವಂತಿಲ್ಲ.

ಈ ಮಾತು ಈಗೇಕೆಂದರೆ, ಅದೇ 'ಸೌಂದರ್ಯೀಕರಣ' ಈಗ ಯೆರವಡಾದ ಹೊಸ್ತಿಲಿಗೆ ಬಂದಿದೆ. ಮುಳಾ-ಮುಠಾ ನದಿತೀರ ಅಭಿವೃದ್ಧಿ ಯೋಜನೆಗೆ 2022ರಲ್ಲಿ ಶಂಕುಸ್ಥಾಪನೆಯಾಯಿತು. ನಮ್ಮೆದುರಿನ ಬಂಡ್ ಗಾರ್ಡನ್ ಬಳಿ ದಂಡೆ ನೆಟ್ಟಗಾಗಿ ನಡಿಗೆಯ ದಾರಿ ಮೂಡುತ್ತಿದೆ. ಅದು ನೋಡಲು ಚೆನ್ನಾಗಿಯೇ ಇದ್ದೀತು. ಸಾರಸಬಾಗೂ ಚೆನ್ನಾಗಿಯೇ ಇದೆ.

ಹೊರನಾಡಿನಲ್ಲಿ ಕುಳಿತು ಊರಿನ ಕೆರೆಗಳಿಗಾಗಿ ಮರುಗುವುದು ಸುಲಭ. ನಾವು ತೆರಿಗೆ ಕಟ್ಟುವುದು, ಮತ ಹಾಕುವುದು ಇಲ್ಲಿ. ನಮ್ಮ ನಗರಸೇವಕರನ್ನು ಕೇಳಬೇಕಾದ ಪ್ರಶ್ನೆ ಒಂದೇ: ದಂಡೆಯೇನೋ ಸುಂದರವಾಗುತ್ತದೆ, ಜುಲೈ ತಿಂಗಳ ನೀರು ಎಲ್ಲಿಗೆ ಹೋಗಬೇಕು?