ಹಳ್ಳಿಯ ದಾರಿಗೂ ರಕ್ಷಣೆ ಬೇಕು

ಯಾದಗಿರಿ ಸೀಮೆಯ ಕಡೇಚೂರು ಕೆಲವು ವರ್ಷಗಳ ಹಿಂದಿನವರೆಗೆ ಹತ್ತರಲ್ಲಿ ಹನ್ನೊಂದನೆಯ ಗ್ರಾಮವಾಗಿದ್ದಿತು. ಕಡೇಚೂರು ಮತ್ತು ಬಾಡಿಯಾಳ ಗ್ರಾಮಗಳ ಕಡೆಯಲ್ಲಿ ಮೂರು ಸಾವಿರ ಎಕರೆಗೂ ಮಿಕ್ಕ ಭೂಮಿಯನ್ನು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯವರು ಸ್ವಾಧೀನಪಡಿಸಿಕೊಂಡ ತರುವಾಯ ಅದರ ಹೆಸರು ನಾಡಿಗೆ ಪರಿಚಿತವಾಯಿತು. ಇಂದು ಅಲ್ಲಿ ರೈಲ್ವೆ ಇಲಾಖೆಯ ಬೋಗಿ ಕಾರ್ಖಾನೆಯಿದೆ. ಔಷಧ ಹಾಗೂ ರಾಸಾಯನಿಕ ದ್ರವ್ಯಗಳ ಕಾರ್ಖಾನೆಗಳಿವೆ. ಭೂಮಿ ಕಳೆದುಕೊಂಡವರ ಪರಿಹಾರ, ಸ್ಥಳೀಯರಿಗೆ ಸಿಕ್ಕಬೇಕಾದ ನೌಕರಿ, ದುರ್ವಾಸನೆ, ಕೆಟ್ಟ ನೀರು, ಇವುಗಳ ವಿಷಯವಾಗಿ ಚರ್ಚೆ ನಡೆದಿದೆ; ನಡೆಯಬೇಕಾದುದು ನ್ಯಾಯವೂ ಅಹುದು. ಆದರೆ ದಾರಿಯ ಮಾತು ಆ ಚರ್ಚೆಯಲ್ಲಿ ಹಿಂದೆ ಬಿದ್ದಿದೆ. ಕಾರ್ಖಾನೆ ಬಂದೊಡನೆ ಲಾರಿ ಬರುತ್ತದೆ. ಲಾರಿ ಬಂದೊಡನೆ ಕಾಲ್ನಡೆಯವನೂ ಸೈಕಲ್ಲಿನವನೂ ರಸ್ತೆಯ ಅಂಚಿಗೆ ಸರಿಯುತ್ತಾರೆ. ಅಂಚಿನಿಂದಾಚೆಗೆ ಸರಿಯಬೇಕಾಗಿ ಬಂದರೆ ಅವರಿಗೆ ಎಡೆಯೆಲ್ಲಿದೆ?

ಹಳ್ಳಿಯ ದಾರಿಯೆಂಬುದು ಕೆರೆ, ಗೋಮಾಳಗಳಂತೆಯೇ ಊರಿನ ಸಮಷ್ಟಿ ಸೊತ್ತು. ಅದರಲ್ಲಿ ಬಂಡಿ ಹೋಗುತ್ತದೆ, ದನಕರು ಹೋಗುತ್ತವೆ, ಬುತ್ತಿ ಹೊತ್ತ ಹೆಣ್ಣುಮಗಳು ಹೋಗುತ್ತಾಳೆ, ಶಾಲೆಗೆ ಹೊರಟ ಮಗು ಹೋಗುತ್ತದೆ. ಇವರೆಲ್ಲರ ನಡಿಗೆಗೂ ಎತ್ತಿನ ನಡಿಗೆಗೂ ಹೆಚ್ಚಿನ ಅಂತರವಿಲ್ಲದಿದ್ದ ಕಾಲದಲ್ಲಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟು ಬಾಳಿದರು. ಹದಿನಾರು ಗಾಲಿಯ ವಾಹನವೂ ಎರಡು ಗಾಲಿಯ ಸೈಕಲ್ಲೂ ಒಂದೇ ರಸ್ತೆಯ ಮೇಲೆ ಎದುರಾದಾಗ ದಾರಿ ಬಿಡುವವರು ಯಾರೆಂಬುದನ್ನು ಹೇಳಬೇಕಾಗಿಲ್ಲ. ಇಂತಹ ರಸ್ತೆಯಲ್ಲಿ ಎಲ್ಲರಿಗೂ ಸಮಾನವಾದ ಹಕ್ಕಿದೆಯೆಂದು ಹೇಳುವುದು ಕಾಗದದ ಮೇಲಿನ ಮಾತು.

ಈ ಪ್ರಶ್ನೆಯನ್ನು ಬಹುಮಟ್ಟಿಗೆ ಬಗೆಹರಿಸಿಕೊಂಡ ದೇಶಗಳಲ್ಲಿ ಫ್ರಾನ್ಸ್ ಒಂದು. ಅಲ್ಲಿಯ ಗ್ರಾಮಾಂತರದಲ್ಲಿ ಮೋಟಾರಿನ ಸದ್ದಿಲ್ಲದೆ ದಿನವಿಡೀ ಸೈಕಲ್ ತುಳಿಯಬಹುದೆಂದು ಲೋಕದ ಮೂಲೆಮೂಲೆಗಳಿಂದ ಪ್ರವಾಸಿಗಳು ಹೋಗುತ್ತಾರೆ. ಇದು ಆ ದೇಶದ ಐಶ್ವರ್ಯದ ಫಲವೆಂದು ನಮ್ಮವರು ಭಾವಿಸುವುದುಂಟು. ವಾಸ್ತವವು ಬೇರೆಯಾಗಿದೆ. 1836ರಲ್ಲಿ ಫ್ರಾನ್ಸಿನ ಸರಕಾರವು ಒಂದು ಶಾಸನವನ್ನು ಮಾಡಿ, ಊರಿಂದೂರಿಗೆ ಹೋಗುವ ದಾರಿಗಳನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು ಆಯಾ ಗ್ರಾಮಗಳಿಗೇ ವಹಿಸಿತು. ವರುಷಕ್ಕೆ ಹೆಚ್ಚೆಂದರೆ ಮೂರು ದಿನಗಳ ದುಡಿಮೆಯನ್ನು ಗ್ರಾಮಸ್ಥರು ತಮ್ಮ ಬಂಡಿ ಎತ್ತುಗಳ ಸಮೇತ ದಾರಿಗಾಗಿ ಸಲ್ಲಿಸಬೇಕಾಗಿದ್ದಿತು. ಹೀಗೆ ದೇಶದ ತುಂಬ ಸಣ್ಣ ರಸ್ತೆಗಳ ಜಾಲವೊಂದು ಹಬ್ಬಿತು. ಮುಂದೆ ಮೋಟಾರಿನ ಯುಗ ಬಂದಾಗ ಭಾರಿ ಸಂಚಾರಕ್ಕಾಗಿ ಬೇರೆ ಹೆದ್ದಾರಿಗಳನ್ನು ಕಟ್ಟಿದರು. ಸಣ್ಣ ರಸ್ತೆಗಳು ಸಣ್ಣವರ ಪಾಲಿಗೆ ಉಳಿದುವು.

ಹಳೆಯದನ್ನು ಬಿಸಾಡದೆ ಬಳಸಿಕೊಂಡ ರೀತಿಯೂ ಗಮನಾರ್ಹವಾಗಿದೆ. ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ, 1666ರಿಂದ 1681ರವರೆಗೆ, ರಿಕೆ ಎಂಬವನ ಮುಂದಾಳುತನದಲ್ಲಿ ತೋಡಿದ ಮಿದಿ ಕಾಲುವೆಯ ದಡದಲ್ಲಿ ದೋಣಿಯೆಳೆಯುವ ಕುದುರೆಗಳಿಗೆಂದು ಒಂದು ದಾರಿಯನ್ನು ಬಿಟ್ಟಿದ್ದರು. ಕುದುರೆಗಳು ಹೋದುವು, ದಾರಿ ಉಳಿಯಿತು. ಇಂದು ಅದರ ಮೇಲೆ ಸೈಕಲ್ಲುಗಳು ಓಡುತ್ತವೆ. ಬರ್ಗಂಡಿ ಪ್ರಾಂತದ ಜಿವ್ರಿ ಮತ್ತು ಕ್ಲೂನಿ ಊರುಗಳ ನಡುವೆ ನಿಂತುಹೋದ ರೈಲುಮಾರ್ಗದ ಕಂಬಿಗಳನ್ನು ಕಿತ್ತು 1997ರಲ್ಲಿ ಆ ನೆಲವನ್ನು ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ಮೀಸಲಿಟ್ಟರು. 2004ರಲ್ಲಿ ಇಂತಹ ದಾರಿಗಳಿಗೆ ಸಂಚಾರ ಕಾಯಿದೆಯಲ್ಲೇ ಸ್ಥಾನ ಸಿಕ್ಕಿತು. 'ಹಸಿರು ದಾರಿ' ಎಂಬ ಹೆಸರಿನ ಈ ರಸ್ತೆಯಲ್ಲಿ ಕಾಲ್ನಡೆಯವರಿಗೆ, ಕುದುರೆ ಸವಾರರಿಗೆ ಮತ್ತು ಯಂತ್ರವಿಲ್ಲದ ವಾಹನಗಳಿಗೆ ಮಾತ್ರ ಪ್ರವೇಶವುಂಟು. ಸಾರಾಂಶವೇನೆಂದರೆ, ಆ ಜನರು ಹೊಸ ದಾರಿಗಳನ್ನು ಕಟ್ಟಿದ್ದಕ್ಕಿಂತ ಹೆಚ್ಚಾಗಿ ಇದ್ದ ದಾರಿಗಳನ್ನು ಕಳೆದುಕೊಳ್ಳದೆ ಉಳಿಸಿಕೊಂಡರು.

ಇನ್ನು ನಮ್ಮ ಸೀಮೆಯ ಕಡೆಗೆ ದೃಷ್ಟಿಯನ್ನು ಹೊರಳಿಸೋಣ. ಇಲ್ಲಿ ಸೈಕಲ್ ತುಳಿಯುವವನು ವಿಹಾರಾರ್ಥಿಯಲ್ಲ. ಅವನು ಕೂಲಿಕಾರ, ಸಣ್ಣ ವ್ಯಾಪಾರಿ, ವಿದ್ಯಾರ್ಥಿ. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 52ರಷ್ಟು. ರಾಜ್ಯದ ಸಮಸ್ತ ಜಿಲ್ಲೆಗಳಲ್ಲಿ ಅದು ತೀರ ಕೆಳಗಿನದು. ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಶೋಚನೀಯವಾಗಿದ್ದಿತು. ಊರಿನ ಶಾಲೆ ಮುಗಿದ ಮೇಲೆ ಪ್ರೌಢಶಾಲೆ ಪಕ್ಕದೂರಿನಲ್ಲಿದ್ದರೆ ತಂದೆತಾಯಿಗಳು ಮೊದಲು ಕೇಳುವ ಪ್ರಶ್ನೆ, "ಮಗಳು ಹೋಗಿ ಬರುವುದು ಹೇಗೆ?" ಎಂಬುದೇ. ಬಿಹಾರ ಸರಕಾರವು 2006ರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡಲಾರಂಭಿಸಿತು. ಅದರ ಪರಿಣಾಮವನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅವರು ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣವು ಶೇಕಡಾ 32ರಷ್ಟು ಏರಿತೆಂದೂ, ಶಾಲೆ ದೂರವಿದ್ದ ಹಳ್ಳಿಗಳಲ್ಲಿಯೇ ಈ ಏರಿಕೆ ವಿಶೇಷವಾಗಿ ಕಂಡಿತೆಂದೂ ತೋರಿಸಿಕೊಟ್ಟಿದ್ದಾರೆ. ನಮ್ಮ ರಾಜ್ಯದಲ್ಲಿಯೂ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚುವ ಯೋಜನೆ ಆರಂಭವಾಯಿತು. 2020ರ ಮಹಾಮಾರಿಯ ಕಾಲದಲ್ಲಿ ಆ ಹಂಚಿಕೆ ನಿಂತಿತು. ಅಷ್ಟು ವರ್ಷಗಳ ಕಾಲ ಸೈಕಲ್ ಕೊಟ್ಟ ಸರಕಾರವು ಅದನ್ನು ನಿರ್ಭಯವಾಗಿ ತುಳಿಯತಕ್ಕ ದಾರಿಯನ್ನು ಕೊಡುವ ವಿಚಾರ ಮಾಡಲಿಲ್ಲ. ಎತ್ತು ಕೊಟ್ಟು ಹೊಲ ಕೊಡದಿದ್ದರೆ ಒಕ್ಕಲುತನ ಸಾಗುವುದೆಂತು?

ದಾರಿಯಿಲ್ಲವೆಂದಲ್ಲ, ಇದೆ. ಪ್ರತಿಯೊಂದು ಗ್ರಾಮದ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಗೆರೆಯೆಳೆದು ತೋರಿಸಿದ್ದಾರೆ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೆಯ ಕಲಮಿನ ಮೇರೆಗೆ ಸಾರ್ವಜನಿಕ ರಸ್ತೆ, ಓಣಿ, ದಾರಿಗಳೆಲ್ಲ ಸರಕಾರದ ಸೊತ್ತು. ಜನಕ್ಕೆ ಬೇಡವಾದ ದಾರಿಯ ಹಕ್ಕನ್ನು ಅಳಿಸಬೇಕಾದರೂ ಪ್ರಕಟಣೆ ಹೊರಡಿಸಿ, ಆಕ್ಷೇಪಣೆಗಳನ್ನು ಕೇಳಿ, ವಿಚಾರಿಸಿ ಅಳಿಸಬೇಕೆಂದು 68ನೆಯ ಕಲಮು ವಿಧಿಸುತ್ತದೆ. ಸಾವಿರಾರು ಎಕರೆಗಳಿಗೆ ಒಮ್ಮೆಲೇ ಬೇಲಿ ಬಿದ್ದಾಗ ಒಳಗೆ ಸೇರಿಹೋಗುವುದು ಹೊಲವೊಂದೇ ಅಲ್ಲ, ಹೊಲಗಳ ನಡುವಣ ದಾರಿಯೂ ಸೇರಿಹೋಗುತ್ತದೆ. ಹೊಲಕ್ಕೆ ಪರಿಹಾರ ಕೇಳುವ ಒಡೆಯನಿರುತ್ತಾನೆ. ದಾರಿಗಾಗಿ ಕೇಳುವವರು ಯಾರು? ಎಲ್ಲರದಾದುದು ಯಾರದೂ ಅಲ್ಲವೆಂಬಂತಾಗುತ್ತದೆ. ಬೇಲಿಯೊಳಗೆ ಅಡಗಿದ ದಾರಿಯನ್ನು ಬಳಸುತ್ತಿದ್ದವರು ಆಮೇಲೆ ಸುತ್ತುಬಳಸಿ ಹೆದ್ದಾರಿಗೇ ಬರಬೇಕು. ಹೀಗೆ ಕೈಗಾರಿಕೆಯು ಒಂದು ಕೈಯಿಂದ ಶಾಂತವಾದ ದಾರಿಯನ್ನು ಕಸಿದುಕೊಂಡು ಇನ್ನೊಂದು ಕೈಯಿಂದ ಹೆದ್ದಾರಿಯ ಭಾರವನ್ನು ಹೆಚ್ಚಿಸುತ್ತದೆ.

ಭೀಮಾನದಿಯಾಚೆಯ ಸುರಪುರ, ಶಹಾಪುರ ತಾಲ್ಲೂಕುಗಳಲ್ಲಿ ಪರಿಸ್ಥಿತಿ ಇನ್ನೂ ಕೈಮೀರಿಲ್ಲ. 1964ರಲ್ಲಿ ಶಂಕುಸ್ಥಾಪನೆಯಾದ ಕೃಷ್ಣಾ ಮೇಲ್ದಂಡೆ ಯೋಜನೆಯ ಫಲವಾಗಿ ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆಯೂ ಅದರ ಶಾಖೆಗಳೂ ಈ ಸೀಮೆಯಲ್ಲಿ ಹಾಯ್ದುಹೋಗಿವೆ. ಕಾಲುವೆಯಿದ್ದಲ್ಲಿ ಅದರ ಏರಿಯಿದೆ. ಇಲಾಖೆಯ ಅಧಿಕಾರಿಗಳ ತನಿಖೆಗಾಗಿ ಏರಿಯ ಮೇಲೆ ರಸ್ತೆಯನ್ನು ಬಿಟ್ಟಿದ್ದಾರೆ. ಕಾಲುವೆಯ ನೀರು ನಿಧಾನವಾಗಿ ಇಳಿಯಬೇಕಾದುದರಿಂದ ಈ ರಸ್ತೆಯಲ್ಲಿ ದೊಡ್ಡ ಏರಿಳಿತಗಳಿರುವುದಿಲ್ಲ. ಸೈಕಲ್ ತುಳಿಯುವವನಿಗೆ ಇದಕ್ಕಿಂತ ಅನುಕೂಲವಾದ ನೆಲ ಮತ್ತೊಂದಿಲ್ಲ. ಮಿದಿ ಕಾಲುವೆಯ ದಡದಲ್ಲಿ ಫ್ರೆಂಚರು ಮಾಡಿದುದನ್ನು ಕೃಷ್ಣೆಯ ಕಾಲುವೆಯ ದಡದಲ್ಲಿ ನಾವು ಮಾಡಲಾರೆವೆ? ಹೀಗೆ ಸುವ್ಯವಸ್ಥಿತವಾದ ದಾರಿಯಿದ್ದರೆ ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನೂ ಬೋನಾಳ ಕೆರೆಯ ಹಕ್ಕಿಗಳನ್ನೂ ನೋಡಬಯಸುವವರು ಹಳ್ಳಿಗಳಲ್ಲಿ ತಂಗಿ ನಾಲ್ಕು ಕಾಸು ಕೊಟ್ಟು ಹೋಗುವರು. ಆದರೂ ಅದು ಎರಡನೆಯ ಲಾಭ. ಶಾಲೆಯ ಮಗುವೂ ಹೊಲದ ಕೂಲಿಯೂ ಕ್ಷೇಮವಾಗಿ ಮನೆ ಸೇರುವುದು ಮೊದಲನೆಯ ಲಾಭ.

ಇದಕ್ಕೆ ಹೊರಡುವ ಆಕ್ಷೇಪಣೆಗಳನ್ನು ನಾವು ಬಲ್ಲೆವು. ಕೈಗಾರಿಕೆ ಬೇಡವೇ ಎಂದು ಕೇಳುವರು. ಬೇಕು, ಉದ್ಯೋಗಕ್ಕಾಗಿ ದೂರದ ನಗರಗಳಿಗೆ ಗುಳೆ ಹೋಗುವ ಸೀಮೆಯವರು ಕಾರ್ಖಾನೆ ಬೇಡವೆನ್ನಲಾರರು. ಆದರೆ ಕಾರ್ಖಾನೆಯ ನೌಕರನೂ ಅದೇ ರಸ್ತೆಯಿಂದಲೇ ರಾತ್ರಿಯ ಪಾಳಿ ಮುಗಿಸಿ ಊರಿಗೆ ಹಿಂತಿರುಗಬೇಕೆಂಬುದನ್ನು ಮರೆಯಬಾರದು. ಈಗ ಎಲ್ಲರ ಮನೆಯಲ್ಲೂ ಮೋಟಾರ್ ಸೈಕಲ್ ಇದೆ, ತುಳಿಯುವ ಸೈಕಲ್ಲನ್ನು ಕೇಳುವವರಾರು ಎಂದು ಮತ್ತೆ ಕೆಲವರು ಹೇಳಬಹುದು. ಮನೆಯಲ್ಲೊಂದು ಮೋಟಾರ್ ಸೈಕಲ್ ಇದ್ದರೆ ಅದು ಮನೆಯ ಯಜಮಾನನ ಪಾಲಿಗೆ. ಮಕ್ಕಳಿಗೂ ಹೆಂಗಸರಿಗೂ ಮುದುಕರಿಗೂ ಅದರಿಂದೇನು? ಕಾಲುವೆಯ ಏರಿ ಅಪಾಯಕರವೆಂಬ ಮಾತಿನಲ್ಲಿ ಹೆಚ್ಚಿನ ತಥ್ಯವಿದೆ. ನೀರು ಆಳವಾಗಿರುತ್ತದೆ, ಬದು ಜಾರುತ್ತದೆ, ಎರೆಮಣ್ಣು ಮಳೆಗಾಲದಲ್ಲಿ ಗಾಲಿಗೆ ಮೆತ್ತಿಕೊಳ್ಳುತ್ತದೆ. ಆದುದರಿಂದಲೇ ತಿರುವುಗಳಲ್ಲಿಯೂ ಸೇತುವೆಗಳ ಬಳಿಯಲ್ಲಿಯೂ ತಡೆಗೋಡೆ, ಮೇಲೆ ಮುರುಮಿನ ಹಾಸು, ನೀರಿನಿಂದ ದೂರದ ಬದಿಯಲ್ಲಿ ಸಂಚಾರ ಎಂಬ ನಿಯಮಗಳು ಅವಶ್ಯವಾಗಿವೆ. ಅಪಾಯವಿದೆಯೆಂದು ಕೈಕಟ್ಟಿ ಕುಳಿತರೆ ಜನರು ಏರಿಯ ಮೇಲೆ ಹೋಗುವುದನ್ನು ಬಿಡುವುದಿಲ್ಲ. ರಕ್ಷಣೆಯಿಲ್ಲದೆ ಹೋಗುತ್ತಾರೆ, ಅಷ್ಟೆ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಮೊದಲನೆಯದಾಗಿ, ಕಡೇಚೂರು ಕೈಗಾರಿಕಾ ಪ್ರದೇಶದ ಒಳಗೂ ಸುತ್ತಲೂ ಇರುವ ಗ್ರಾಮಗಳ ನಕಾಶೆಗಳನ್ನು ಜಿಲ್ಲಾಧಿಕಾರಿಗಳು ತೆರೆಯಿಸಿ, ಅವುಗಳಲ್ಲಿ ಕಾಣುವ ಪ್ರತಿಯೊಂದು ದಾರಿಯೂ ಇಂದು ಎಲ್ಲಿದೆ, ಯಾರ ವಶದಲ್ಲಿದೆ ಎಂಬುದನ್ನು ಅಳೆಯಿಸಿ ಪ್ರಕಟಿಸತಕ್ಕದ್ದು. ಮುಚ್ಚಿಹೋದ ದಾರಿಗೆ ಬದಲಾಗಿ ಬೇರೊಂದು ದಾರಿಯನ್ನು ಮಂಡಳಿಯವರು ಬಿಟ್ಟುಕೊಡತಕ್ಕದ್ದು. ಎರಡನೆಯದಾಗಿ, ಸೈದಾಪುರದ ಕಡೆಯಿಂದ ಕಾರ್ಖಾನೆಗಳಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಲಾರಿಗಳು ಏರಲಾಗದಂತೆ ಬೇರ್ಪಡಿಸಿದ ಸೈಕಲ್ ದಾರಿಯೊಂದನ್ನು ಕಟ್ಟಿ, ಬಿಸಿಲಿನ ಈ ಸೀಮೆಯಲ್ಲಿ ಅದರುದ್ದಕ್ಕೂ ಬೇವು ಹುಣಸೆಗಳ ಸಾಲುಮರಗಳನ್ನು ಬೆಳೆಸತಕ್ಕದ್ದು. ಮೂರನೆಯದಾಗಿ, ಕೃಷ್ಣಾ ಭಾಗ್ಯ ಜಲ ನಿಗಮದವರು ಶಹಾಪುರ, ಸುರಪುರಗಳಲ್ಲಿ ಶಾಲೆಗಳಿಗೆ ಸಮೀಪವಾದ ಕಾಲುವೆ ಏರಿಯ ಒಂದು ಭಾಗವನ್ನಾದರೂ ಆರಿಸಿ, ಇಲಾಖೆಯ ವಾಹನ ಮತ್ತು ರೈತರ ಬಂಡಿಗಳ ಹೊರತು ಭಾರಿ ವಾಹನಗಳಿಗೆ ಪ್ರವೇಶವಿಲ್ಲವೆಂದು ನಿರ್ಧರಿಸಿ, ಪ್ರಯೋಗ ಮಾಡಿ ನೋಡತಕ್ಕದ್ದು. ಹಣಕ್ಕಾಗಿ ಪರದೇಶವನ್ನು ನೋಡಬೇಕಾಗಿಲ್ಲ. ಸಂವಿಧಾನದ 371ಜೆ ವಿಧಿಯ ಮೇರೆಗೆ ರಚಿತವಾದ ಪ್ರದೇಶಾಭಿವೃದ್ಧಿ ಮಂಡಳಿಯು ಇಂತಹ ಹಿಂದುಳಿದ ಸೀಮೆಗಾಗಿಯೇ ಇದೆ. ಅದು ಕಟ್ಟಿಸುವ ರಸ್ತೆಗಳ ವೆಚ್ಚದಲ್ಲಿ ಅಲ್ಪಾಂಶ ಸಾಕು.

ಈ ಸೀಮೆಯ ಜನರು 1948ರಲ್ಲಿ ನಿಜಾಮಶಾಹಿಯಿಂದ ಬಿಡುಗಡೆ ಹೊಂದಿದರು. 1956ರಲ್ಲಿ ಕನ್ನಡ ನಾಡಿನೊಡನೆ ಒಂದಾದರು. ಅಂದಿನಿಂದ ಅವರು ಕೇಳುತ್ತ ಬಂದುದು ರಸ್ತೆಗಳನ್ನೇ. ರಸ್ತೆಗಳು ಬಂದಿವೆ, ಬರುತ್ತಲೂ ಇವೆ. ಆದರೆ ಗಾಡಿಯುಳ್ಳವನನ್ನು ಬೇಗ ತಲುಪಿಸುವುದರಿಂದ ಮಾತ್ರವೇ ರಸ್ತೆಯ ಯೋಗ್ಯತೆಯನ್ನು ನಿರ್ಣಯಿಸಲಾಗದು. ಗಾಡಿಯಿಲ್ಲದವನನ್ನು ಕ್ಷೇಮವಾಗಿ ತಲುಪಿಸುವ ಹೊಣೆಯೂ ಅದಕ್ಕಿದೆ. ಇಲ್ಲಿ ಇನ್ನಷ್ಟು ಕಾರ್ಖಾನೆಗಳು ಬರಲಿ. ಬೇಲಿ ಹಾಕುವ ಮುನ್ನ ಗ್ರಾಮದ ನಕಾಶೆಯನ್ನು ಬಿಚ್ಚಿ ನೋಡುವಷ್ಟು ವ್ಯವಧಾನವನ್ನು ಅಧಿಕಾರಿಗಳು ತೋರಲಿ. ಆ ನಕಾಶೆಯನ್ನು ಕೇಳಿ ಪಡೆದು ತಮ್ಮ ಊರಿನ ದಾರಿಗಳನ್ನು ತಾವೇ ಗುರುತಿಸಿಕೊಳ್ಳುವ ಕೆಲಸವನ್ನು ಗ್ರಾಮ ಪಂಚಾಯತಿಗಳ ಸದಸ್ಯರು ನಾಳೆಯಿಂದಲೇ ಆರಂಭಿಸಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.