ನಾರ್ಮನ್ ಗೊತ್ತು, ಬಾಗಳಿ ಗೊತ್ತಿಲ್ಲ

ಹೋದ ತಿಂಗಳು ಕ್ವಿಜ್‌ನಲ್ಲಿ ಒಂದು ಫೋಟೋ ತೋರಿಸಿದರು. ದಪ್ಪ ಗೋಡೆ, ಅರ್ಧವೃತ್ತದ ಕಮಾನು, ಇಂಗ್ಲೆಂಡಿನ ಯಾವುದೋ ಹಳ್ಳಿ ಚರ್ಚು. ತಕ್ಷಣ ಬಝರ್ ಒತ್ತಿ "ನಾರ್ಮನ್" ಅಂದೆ. ಹತ್ತು ಅಂಕ. ಮುಂದಿನ ಫೋಟೋದಲ್ಲಿ ಒಂದು ಕಲ್ಲಿನ ಗುಡಿ. "ಬೇಲೂರು" ಅಂದೆ. ಅದು ಬಾಗಳಿಯ ಕಲ್ಲೇಶ್ವರ. ನಾನು ಹರಪನಹಳ್ಳಿಯವನು. ಬಾಗಳಿ ನಮ್ಮೂರಿಂದ ಬೈಕಲ್ಲಿ ಕಾಲು ಗಂಟೆ ದಾರಿ.

ನಾರ್ಮನ್ನರು ಇಂಗ್ಲೆಂಡ್ ಗೆದ್ದಿದ್ದು 1066ರಲ್ಲಿ. ಬಾಗಳಿಯ ಗುಡಿ ಕಟ್ಟಿಸಿದ ದುಗ್ಗಿಮಯ್ಯನ ಕಾಲ 987, ಆಗ ಇಮ್ಮಡಿ ತೈಲಪ ಆಳ್ತಿದ್ದ. ಹಿರೇಹಡಗಲಿಯ ಕಲ್ಲೇಶ್ವರ 1057. ಯಾರು ಮೊದಲು ಅನ್ನೋ ಜಂಬಕ್ಕೆ ಇದನ್ನ ಹೇಳ್ತಿಲ್ಲ. ಅಲ್ಲಿನ ಎಷ್ಟೋ ಹಳ್ಳಿ ಚರ್ಚುಗಳಲ್ಲಿ ಬಾಗಿಲ ಹತ್ತಿರ ಊರಿನವರೇ ಬರೆದ ಸಣ್ಣ ಪುಸ್ತಿಕೆ ಇಟ್ಟಿರ್ತಾರಂತೆ. ಈ ಗೋಡೆ ಯಾವಾಗಿನದು, ಆ ಕಿಟಕಿ ಯಾರು ಕೊಟ್ಟಿದ್ದು, ಎಲ್ಲ ಅದರಲ್ಲಿ. ನಮ್ಮಲ್ಲಿ ಆ ಲೆಕ್ಕ ಕಲ್ಲಿನ ಮೇಲೇ ಇದೆ, ಅದೂ ಕನ್ನಡದಲ್ಲಿ. ಓದೋಕೆ ಬರಲ್ಲ, ಅಷ್ಟೆ.

ಮುಂದಿನ ಭಾನುವಾರ ಹೋಗಿ ಬಂದೆ. ಮಂಟಪದ ನುಣುಪು ಕಂಬಗಳು ಲೇತ್‌ಗೆ ಹಾಕಿ ತಿರುಗಿಸಿದ ಹಾಗಿವೆ. ಫಸ್ಟ್ ಇಯರ್ ವರ್ಕ್‌ಶಾಪಿನಲ್ಲಿ ನಾನು ಕೆಡಿಸಿದ ಕಬ್ಬಿಣದ ತುಂಡು ನೆನಪಾಗಿ ನಗು ಬಂತು. ಶಾಸನದ ಮುಂದೆ ಮಾತ್ರ ನಗು ಬರಲಿಲ್ಲ. ಹತ್ತು ನಿಮಿಷ ಗುದ್ದಾಡಿದರೂ "ಸ್ವಸ್ತಿ" ದಾಟಲಿಲ್ಲ. ಅಲ್ಲೇ ಕೂತಿದ್ದ ಅಜ್ಜ ಕೇಳಿದ: "ಏನ್ ಬರ್ದಾರ ತಮ್ಮಾ? ಇಂಜಿನೇರ್ ಓದ್ತೀಯಲ್ಲ?" ಏನು ಹೇಳಲಿ?

ಟೂರಿಸಂ ಬಂದರೆ ಎಲ್ಲ ಸರಿಹೋಗುತ್ತೆ ಅಂತಾನೆ ಒಬ್ಬ ಗೆಳೆಯ. ನನಗೆ ಹಾಗನ್ನಿಸಲ್ಲ. ಹಂಪಿ ಇದೇ ಜಿಲ್ಲೆಯಲ್ಲಿರುವಾಗ ಬಸ್ಸುಗಳು ಇತ್ತ ತಿರುಗೋದು ಕಷ್ಟ. ತಿರುಗಿದರೂ ಸೆಲ್ಫಿ ತಗೊಂಡು ಹೊರಡ್ತಾರೆ. ಮೊದಲು ಓದಬೇಕಾದವರು ನಾವು.

ಅದೇನು ಆಗದ ಕೆಲಸವಲ್ಲ. ನಮ್ಮ ತಾಲ್ಲೂಕುಗಳಿನ್ನೂ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದಾಗಲೇ, 1939ರಲ್ಲಿ, ಇಲ್ಲಿನ ಶಾಸನಗಳು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಒಂಬತ್ತನೇ ಸಂಪುಟದಲ್ಲಿ ಇವತ್ತಿನ ಕನ್ನಡ ಲಿಪಿಯಲ್ಲೇ ಅಚ್ಚಾಗಿವೆ. ಈ ಸಲ ರಾಜ್ಯೋತ್ಸವಕ್ಕೆ ಡಿಜೆಗೆ ಕೊಡೋ ದುಡ್ಡಲ್ಲಿ ಅರ್ಧ ಉಳಿಸಿ, ಹಳಗನ್ನಡ ಬಲ್ಲ ಮೇಷ್ಟ್ರೊಬ್ಬರನ್ನ ಕರ್ಕೊಂಡು ನಮ್ಮ ಸಂಘ ಬಾಗಳಿಗೆ ಹೋಗಲಿ. ಒಂದೇ ಶಾಸನ ಸಾಕು. ಅದರ ಅರ್ಥ ನಾಲ್ಕು ಪುಟದಲ್ಲಿ ಅಚ್ಚು ಹಾಕಿಸಿ, ಮೊದಲ ಪ್ರತಿ ಆ ಅಜ್ಜನಿಗೆ ಓದಿ ಹೇಳಿ ಕೊಡೋಣ.

ಬರೋರು ಹೆಸರು ಕೊಡಿ. ಬೈಕ್ ಇರೋರು ಮೊದಲು.